ಎರಡು ಲ್ಯಾಪ್‌ಟಾಪು, ಒಂದು ಖೋಲಿ

ಸೋಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಶಾಂತಪ್ಪ ಶೇಟರ ಚಾದರದ ಕಾರಖಾನೆಯಿದೆ. ಕೆಳಗೆ ಮಗ್ಗಗಳ ಗದ್ದಲ, ಮಾಳಿಗೆಯ ಮೇಲೆ ಒಂದು ಸಣ್ಣ ಖೋಲಿ. ಚಾದರದ ಮೇಲಿನ ನವಿಲು, ಬಳ್ಳಿ, ಅಂಚಿನ ಚೌಕಳಿ ಎಲ್ಲವೂ ಹುಟ್ಟುವುದು ಆ ಖೋಲಿಯಲ್ಲೇ. ಅಲ್ಲಿ ಬಹಳ ವರ್ಷಗಳಿಂದ ಇಬ್ಬರೇ ಕೂಡುತ್ತಿದ್ದರು, ದ್ವಾರಕಾ ಮತ್ತು ಧೂಳಪ್ಪ.

ದ್ವಾರಕಾ ಸೋಲಾಪುರದ ಶುಕ್ರವಾರ ಪೇಠೆಯವಳು. ತಂದೆ ಜಿಲ್ಲಾ ಪರಿಷತ್ತಿನಲ್ಲಿ ಕಾರಕೂನರಾಗಿದ್ದರು. ಮದುವೆಯ ಮಾತು ಒಂದೆರಡು ಸಲ ಬಂದು ಹಾಗೇ ಹಿಂದೆ ಸರಿಯಿತು. ಆಮೇಲೆ ತಾಯಿಯ ಕಾಯಿಲೆ, ಅದರ ಬೆನ್ನಿಗೇ ತಂದೆಯದು. ಇಬ್ಬರೂ ಹೋದ ಮೇಲೆ ಎರಡು ಕೋಣೆಯ ಮನೆಯಲ್ಲಿ ಅವಳೊಬ್ಬಳೇ ಉಳಿದಳು. ಈಗ ಐವತ್ತು ಹತ್ತಿರ ಬಂದಿತ್ತು.

ಧೂಳಪ್ಪ ಅವಳಿಗಿಂತ ಹತ್ತು ವರ್ಷಕ್ಕೆ ಹಿರಿಯ. ದಿನಾ ಅಕ್ಕಲಕೋಟದಿಂದ ಎಸ್‌ಟಿ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ. ಪೆನ್ಸಿಲಿನಿಂದ ಕಾಗದದ ಮೇಲೆ ಬಳ್ಳಿ ಎಳೆಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆ ಚಿತ್ರವನ್ನು ಲ್ಯಾಪ್‌ಟಾಪಿಗೆ ಇಳಿಸಿ, ಯಾವ ಬಣ್ಣಕ್ಕೆ ಯಾವ ನೇಯ್ಗೆ ಎಂದು ಕೂಡಿಸಿ, ಮಗ್ಗಕ್ಕೆ ತಿಳಿಯುವ ಫೈಲು ಮಾಡುವುದು ಇಬ್ಬರ ಕೆಲಸ. ಎರಡು ಲ್ಯಾಪ್‌ಟಾಪುಗಳಿದ್ದವು. ಎರಡೂ ಏಳನೇ ಜನರೇಶನ್ನಿನ ಐ-ಫೈವ್ ಪ್ರೊಸೆಸರಿನವು, ಒಳಗೆ ಎರಡೇ ಕೋರ್. ಬೇಸಿಗೆಯ ಮಧ್ಯಾಹ್ನ ಅವು ಕಾದು ಕೆಂಡವಾಗಿ, ಫ್ಯಾನು ಬೊಬ್ಬೆ ಹೊಡೆದು, ನಡಿಗೆ ಇನ್ನಷ್ಟು ನಿಧಾನವಾಗುತ್ತಿತ್ತು. ಧೂಳಪ್ಪ ಕೆಳಗಿನಿಂದ ನೂಲು ಸುತ್ತುವ ಖಾಲಿ ಬಾಬಿನ್ನುಗಳನ್ನು ತಂದು, ಗಾಳಿಯಾಡಲೆಂದು ಅವುಗಳ ಅಡಿಗೆ ಇಟ್ಟಿದ್ದ.

ಒಂದು ದೊಡ್ಡ ಚಾದರದ ಡಿಸೈನನ್ನು ಬಟ್ಟೆಯಂತೆ ಪರದೆಯ ಮೇಲೆ ತೋರಿಸು ಎಂದು ಒತ್ತಿದರೆ ಮುಗಿಯಿತು, ಅದು ಬಹಳ ಹೊತ್ತು ತೆವಳುತ್ತ ಕೂಡುತ್ತಿತ್ತು. ಆಗ ಇಬ್ಬರಿಗೂ ಕೆಲಸವಿಲ್ಲ. ಧೂಳಪ್ಪ ಡಬ್ಬಿ ಬಿಚ್ಚುತ್ತಿದ್ದ. ಹೆಂಡತಿ ಕಸ್ತೂರಬಾಯಿ ಕಟ್ಟಿಕೊಟ್ಟ ಕಡಕ ರೊಟ್ಟಿ, ಶೇಂಗಾ ಚಟ್ನಿ. ಬಸ್ಸಿನಲ್ಲಿ ನಡೆದ ಜಗಳ, ಬೀಗರ ಮನೆಯ ಸುದ್ದಿ, ಮೊಮ್ಮಗಳ ಹಟ, ಎಲ್ಲ ಹೇಳುತ್ತಿದ್ದ. ದ್ವಾರಕಾ ಕೇಳುತ್ತಿದ್ದಳು, ನಡುವೆ ತನ್ನ ಓಣಿಯ ನಲ್ಲಿ ನೀರಿನದು, ಮೇಲಿನ ಮನೆಯವರದು ಒಂದೆರಡು ಮಾತು ಸೇರಿಸುತ್ತಿದ್ದಳು. ಸಂಜೆ ಮನೆಗೆ ಹೋಗಿ ಕೀಲಿ ತೆಗೆದ ಮೇಲೆ ಮರುದಿನ ಕಾರಖಾನೆಗೆ ಬರುವ ತನಕ ಅವಳು ಬಾಯಿ ತೆರೆಯುವ ಪ್ರಸಂಗವೇ ಬಹುಮಟ್ಟಿಗೆ ಇರುತ್ತಿರಲಿಲ್ಲ. ಅದು ಅವಳಿಗೆ ಕೊರತೆ ಎಂದು ತೋರಿರಲೂ ಇಲ್ಲ.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಶೇಟರ ಮಗ ಸೋಮೇಶ ಒಂದು ಹೊಸ ಲ್ಯಾಪ್‌ಟಾಪು ತಂದು ದ್ವಾರಕಾಳ ಮುಂದಿಟ್ಟ. ಹದಿಮೂರನೇ ಜನರೇಶನ್ನು, ಹನ್ನೆರಡು ಕೋರ್. ಹಳೆಯದಕ್ಕೂ ಇದಕ್ಕೂ ನಿಜವಾಗಿ ಎಷ್ಟು ಫರಕು, ಅಂಗಡಿಯವನ ಮಾತು ಬೇಡ, ನೀವೇ ನಮ್ಮ ಕೆಲಸ ಹಾಕಿ ನೋಡಿ ಹೇಳಿರಿ ಎಂದ.

ಇಂಥ ಕೆಲಸ ಅವಳಿಗೆ ಬಹಳ ಹಿಡಿಸುತ್ತಿತ್ತು. ಹಳೆಯ ಲ್ಯಾಪ್‌ಟಾಪಿಗೂ ಹೊಸದರಷ್ಟೇ ಮೆಮರಿ, ಹೊಸದರಂಥದೇ ಡಿಸ್ಕು ಹಾಕಿಸಿದಳು. ಇಲ್ಲದಿದ್ದರೆ ಪ್ರೊಸೆಸರಿನ ಹೋಲಿಕೆಯಾಗುವುದಿಲ್ಲ, ಮೆಮರಿಯದಾಗುತ್ತದೆ ಎಂದು ಸೋಮೇಶನಿಗೆ ಬಿಡಿಸಿ ಹೇಳಿದಳು. ಎರಡನ್ನೂ ಪಕ್ಕಪಕ್ಕ ಇಟ್ಟು ಒಂದೇ ಡಿಸೈನನ್ನು ಒಟ್ಟಿಗೇ ಓಡಿಸಿದಳು. ಒಂದು ಚೌಕಳಿಯ ಬಣ್ಣ ತಿದ್ದುವುದು, ಒಂದು ಗೆರೆ ಅಳಿಸುವುದು, ಇಂಥ ಸಣ್ಣ ಕೆಲಸದಲ್ಲಿ ಎರಡಕ್ಕೂ ಹೇಳಿಕೊಳ್ಳುವ ಅಂತರ ಕಾಣಲಿಲ್ಲ. ಆದರೆ ಇಡೀ ಚಾದರ ತೋರಿಸು ಎಂದಾಗ ಹೊಸದು ಎಲ್ಲ ಕೋರುಗಳಿಗೂ ಕೆಲಸ ಹಂಚಿ, ಅವಳು ಕನ್ನಡಕ ಸರಿ ಮಾಡಿಕೊಳ್ಳುವಷ್ಟರಲ್ಲಿ ಮುಗಿಸಿಬಿಟ್ಟಿತು. ಹಳೆಯದು ಆಗಿನ್ನೂ ಅಂಚಿನಲ್ಲೇ ಇತ್ತು.

ದ್ವಾರಕಾ ಸಣ್ಣ ಹುಡುಗಿಯ ಹಾಗೆ ನಕ್ಕಳು. ಮತ್ತೊಂದು ಡಿಸೈನು ಹಾಕಿದಳು, ಇನ್ನೊಂದು ಹಾಕಿದಳು. ಧೂಳಪ್ಪ ಡಬ್ಬಿಯ ಮುಚ್ಚಳ ಕೈಯಲ್ಲಿ ಹಿಡಿದುಕೊಂಡೇ ನೋಡುತ್ತ ನಿಂತಿದ್ದ. ರೊಟ್ಟಿ ತಿನ್ನಲಿಕ್ಕೂ ಬಿಡವಲ್ಲದು ಇದು ಎಂದು ನಗೆಯಾಡಿದ. ಆ ದಿನ ಅವನು ಒಬ್ಬನೇ ಊಟ ಮಾಡಿದ. ಅವಳಿಗೆ ಹಸಿವಿನ ನೆನಪೇ ಇರಲಿಲ್ಲ.

ವಾರ ಕಳೆದ ಮೇಲೆ ಸೋಮೇಶ ಕೇಳಿದಾಗ ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಸಣ್ಣ ತಿದ್ದುಪಡಿಗೆ ಹಳೆಯದೇ ಸಾಕು, ಅದನ್ನು ಎಸೆಯುವುದು ಬೇಡ. ದೊಡ್ಡ ಕೆಲಸಕ್ಕೆ ಮಾತ್ರ ಈ ಹೊಸದೊಂದು ಆ ಎರಡೂ ಹಳೆಯವುಗಳ ಕೆಲಸ ಮಾಡಿ ಇನ್ನೂ ಬಿಡುವಾಗಿರುತ್ತದೆ. ಸೋಮೇಶ ತಲೆಯಾಡಿಸಿದ. ಹಾಗಾದರೆ ಇನ್ನೊಂದು ಕೊಳ್ಳುವ ಕಾರಣವಿಲ್ಲ ಅಲ್ಲವೇ ಎಂದು ಕೇಳಿದ. ಇಲ್ಲ ಎಂದಳು. ಯಂತ್ರದ ಮಾತು ನಡೆದಿದೆ ಎಂದೇ ಅವಳು ತಿಳಿದಿದ್ದಳು.

ತಿಂಗಳ ಕೊನೆಗೆ ಧೂಳಪ್ಪನನ್ನು ಕೆಳಗೆ ಕರೆದರು. ಶಾಂತಪ್ಪ ಶೇಟರು ತಾವೇ ಶಾಲು ಹೊದಿಸಿ, ಕೊಡಬೇಕಾದದ್ದನ್ನೆಲ್ಲ ಕೊಟ್ಟು, ಇನ್ನು ಮನೆಯಲ್ಲಿ ಆರಾಮ ಇರಿ ಎಂದರಂತೆ. ಅವನು ಮೇಲೆ ಬಂದು ತನ್ನ ಪೆನ್ಸಿಲುಗಳನ್ನು ಚೀಲಕ್ಕೆ ಹಾಕಿಕೊಂಡ.

"ಬರ್ತೀನ್ರೀ ಬಾಯಿ," ಎಂದ. "ಅಕ್ಕಲಕೋಟಕ್ಕ ಬಂದಾಗ ಮನಿಗೆ ಬರ್ರಿ."

ಹಳೆಯ ಲ್ಯಾಪ್‌ಟಾಪುಗಳಲ್ಲಿ ಒಂದನ್ನು ಲೆಕ್ಕದವರು ಒಯ್ದರು, ಇನ್ನೊಂದು ಕಪಾಟಿಗೆ ಹೋಯಿತು. ಬೇರೆ ಯಾರೋ ಮನೆಯಿಂದಲೇ ಬರೆದ ಚಿತ್ರಗಳು ಫೋನಿನಲ್ಲಿ ಬರತೊಡಗಿದವು. ಹೊಸದರ ಮುಂದೆ ದ್ವಾರಕಾ ಒಬ್ಬಳೇ ಕೂತಳು. ಒತ್ತಿದರೆ ಮುಗಿಯುತ್ತಿತ್ತು, ಮತ್ತೆ ಒತ್ತಿದರೆ ಮತ್ತೆ ಮುಗಿಯುತ್ತಿತ್ತು. ದಿನದ ಕೆಲಸ ಮಧ್ಯಾಹ್ನಕ್ಕೇ ತೀರಿದಾಗ ಅವಳು ಎದ್ದು ಕಿಟಕಿಯ ಹತ್ತಿರ ನಿಂತು, ಅಕ್ಕಲಕೋಟದ ಕಡೆಗೆ ಹೋಗುವ ಬಸ್ಸುಗಳನ್ನು ನೋಡುತ್ತಿದ್ದಳು. ಊಟಕ್ಕೆ ಕೂತರೆ ಅಗಿಯುವ ಸದ್ದು ತನಗೇ ಕೇಳಿಸುತ್ತಿತ್ತು. ಆ ಮನುಷ್ಯ ಈಗ ಮನೆಯ ಮೂಲೆಯಲ್ಲಿ ಕೂತು ಕೊರಗುತ್ತಿರಬಹುದು, ಅವನ ಅನ್ನ ಕಸಿದವಳು ನಾನೇ ಎಂಬ ಯೋಚನೆ ಎದೆಗೆ ಕೂತು ಏಳಲೇ ಇಲ್ಲ. ಕೊನೆಗೆ ಒಂದು ರವಿವಾರ ಬೆಳಿಗ್ಗೆ, ಹೇಳಿಯೇ ಬಿಡಬೇಕೆಂದು ಬಸ್ಸು ಹತ್ತಿದಳು.

ಧೂಳಪ್ಪನ ಮನೆ ಹುಡುಕಬೇಕಾಗಲಿಲ್ಲ. ಸ್ವಾಮಿ ಸಮರ್ಥರ ಗುಡಿಗೆ ಹೋಗುವ ದಾರಿಯಲ್ಲೇ ಕಸ್ತೂರಬಾಯಿಯ ಹೂವು, ಕಾಯಿ, ಪೇಢೆಯ ಅಂಗಡಿಯಿತ್ತು. ಧೂಳಪ್ಪ ಅದರ ಮುಂದೆ ನಿಂತು ಪುಣೆ ಕಡೆಯ ಭಕ್ತರ ಗುಂಪಿಗೆ ಮರಾಠಿಯಲ್ಲಿ ಅನ್ನಛತ್ರದ ದಾರಿ ಹೇಳುತ್ತಿದ್ದ. ಮೈ ಸ್ವಲ್ಪ ತುಂಬಿಕೊಂಡಿತ್ತು. ಪಕ್ಕದ ಅಂಗಡಿಯವನು ಏನೋ ಕೂಗಿದ, ಇವನು ಏನೋ ಮರುಮಾತು ಕೊಟ್ಟು ನಕ್ಕ. ಅವಳನ್ನು ಕಂಡದ್ದೇ ಬಂದು ಕೈಯಲ್ಲಿದ್ದ ಚೀಲ ತೆಗೆದುಕೊಂಡು, ಸ್ಟೂಲು ಹಾಕಿ ಕೂರಿಸಿದ. ಮೊಮ್ಮಗಳನ್ನು ಕರೆದು ನಮಸ್ಕಾರ ಮಾಡಿಸಿದ. ಗಿರಾಕಿ ಬಂದರೆಂದು ಎದ್ದ, ಮತ್ತೆ ಬಂದು ಕೂತ, ಮತ್ತೆ ಎದ್ದ.

ಅವನು ಒಮ್ಮೆ ಕೂತಾಗ ದ್ವಾರಕಾ ಹೇಳಿಬಿಟ್ಟಳು. "ಧೂಳಪ್ಪಣ್ಣ, ಒಂದು ಮಷೀನ ಎರಡರ ಕೆಲಸ ಮಾಡ್ತದ ಅಂತ ಸೋಮೇಶಗ ಹೇಳಿದಾಕಿ ನಾನ. ನಿಮ್ಮ ಕೆಲಸಕ್ಕ ಕುತ್ತು ಬರ್ತದ ಅಂತ ನನಗ ತಿಳೀಲಿಲ್ಲ."

"ಅಯ್ಯ, ಅದನ್ನ ಹೇಳಾಕ ಇಷ್ಟ ದೂರ ಬಂದೀರೇನ್ರಿ?" ಎಂದ ಧೂಳಪ್ಪ. "ಇದ್ದದ್ದ ಹೇಳೀರಿ. ಸುಳ್ಳ ಹೇಳಿದ್ರ ಅವಂಗ ತಿಳೀತಿರಲಿಲ್ಲೇನು? ನಾ ಆರಾಮ ಅದೀನಿ, ನೋಡ್ರಿ."

ಹೂ ಪೋಣಿಸುತ್ತಿದ್ದ ಕಸ್ತೂರಬಾಯಿ ಅವಳಿಗೆ ಸಮಾಧಾನ ಹೇಳಬೇಕೆಂದೇ ನಡುವೆ ಬಾಯಿ ಹಾಕಿದಳು. "ನೀವು ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ. ಇವರಿಗಿ ಆ ಬಸ್ಸಿನ ಅಲೆದಾಟ ಯಾವಾಗೋ ಸಾಕಾಗಿತ್ತು. ಎರಡು ವರ್ಷದಿಂದ ಕೆಲಸ ಬಿಡ್ರಿ, ಅಂಗಡ್ಯಾಗ ಕೂಡ್ರಿ ಅಂತ ನಾನ ಬೆನ್ನ ಹತ್ತಿದ್ದೆ. ಆ ಬಾಯಿ ಒಬ್ಬಾಕೀನ ಆಗ್ತಾಳ, ಮಾತಾಡಾಕ ಯಾರೂ ಇಲ್ಲ ಆಕಿಗಿ, ಅಂತ ಇವರ ಬಿಡಲಿಲ್ಲ."

ಧೂಳಪ್ಪ ತಲೆ ತಗ್ಗಿಸಿ ತೆಂಗಿನಕಾಯಿಗಳನ್ನು ಸುಮ್ಮನೆ ಆಚೀಚೆ ಸರಿಸಿದ.

ದ್ವಾರಕಾಳ ಮುಖ ಬಿಸಿಯಾಯಿತು. ಇಷ್ಟು ದಿನ ಅವನಿಗಾಗಿ ಮರುಗಿದ್ದಳು. ಅವನು ಅದಕ್ಕೂ ಮೊದಲಿನಿಂದ ಅವಳಿಗಾಗಿ ಮರುಗಿದ್ದ. ಬಸ್ಸಿನ ಜಗಳ, ಬೀಗರ ಸುದ್ದಿ, ಎಲ್ಲ ಅವಳಿಗಾಗಿಯೇ ಹೊತ್ತು ತರುತ್ತಿದ್ದನೋ ಏನೋ. ತನ್ನ ಬರಿದಾದ ಮನೆಯನ್ನು ಯಾರೋ ಕಿಟಕಿಯಿಂದ ದಿನಾ ನೋಡಿ ಹೋಗುತ್ತಿದ್ದರು ಎಂದು ತಿಳಿದ ಹಾಗಾಯಿತು ಅವಳಿಗೆ. ಸಿಟ್ಟು ಬಂತು, ಅದು ಯಾರ ಮೇಲೆ ಎಂದು ತಿಳಿಯಲಿಲ್ಲ. ಕಸ್ತೂರಬಾಯಿ ಊಟಕ್ಕೆ ಬಹಳ ಒತ್ತಾಯ ಮಾಡಿದಳು. ದ್ವಾರಕಾ ನಾಲ್ಕು ತುತ್ತು ಉಂಡಳು, ಊಟ ರುಚಿಯಾಗಿತ್ತು. ಬಸ್‌ಸ್ಟ್ಯಾಂಡಿನ ತನಕ ಬರುತ್ತೇನೆಂದು ಧೂಳಪ್ಪ ಎದ್ದ. ಗಿರಾಕಿ ನಿಂತಾರ, ಬ್ಯಾಡ ಎಂದು ತಡೆದು ಒಬ್ಬಳೇ ನಡೆದಳು.

ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಹೆಂಗಸು ನಿಮ್ಮದು ಯಾವೂರು ಎಂದು ಕೇಳಿದಳು. ಸೋಲಾಪುರ ಎಂದು ಹೇಳಿ ದ್ವಾರಕಾ ಕಿಟಕಿಗೆ ಮುಖ ತಿರುಗಿಸಿದಳು. ಆ ಹೆಂಗಸು ಹಿಂದಿನವರ ಜೊತೆ ಮಾತಿಗಿಳಿದಳು. ಬಸ್ಸು ವಳಸಂಗ ಎಂಬ ಊರು ದಾಟುವ ಹೊತ್ತಿಗೆ ದ್ವಾರಕಾಳಿಗೆ ತಾನು ಮಾಡಿದ್ದು ಹೊಳೆಯಿತು. ಕೇಳಿದವಳಿಗೆ ನಿಮ್ಮದು ಯಾವುದು ಎಂದು ತಿರುಗಿ ಕೇಳುವ ರೂಢಿಯೂ ತನಗೆ ತಪ್ಪಿಹೋಗಿತ್ತು.

ಮರುದಿನ ಅವಳು ಸೋಮೇಶನ ಹತ್ತಿರ ಹೋಗಿ, ತನ್ನ ಟೇಬಲ್ಲನ್ನು ಕೆಳಗೆ ಚಾದರ ಮಡಚುವ ದೊಡ್ಡ ಹಾಲ್‌ಗೆ ಹಾಕಿಸಿ ಕೊಡಬೇಕೆಂದು ಕೇಳಿದಳು. ಅಲ್ಲಿ ನೂಲಿನ ಧೂಳು, ಹೊಸ ಮಷೀನು ಹಾಳಾಗುತ್ತದೆ ಎಂದು ಅವನು ಹಿಂಜರಿದ. ದಿನಾ ಒರೆಸುತ್ತೇನೆ ಎಂದಳು. ಅವಳು ತನಗಾಗಿ ಏನನ್ನಾದರೂ ಕೇಳಿದ್ದು ಅದೇ ಮೊದಲು, ಅವನು ಒಪ್ಪಿದ.

ಆ ಹಾಲ್‌ನಲ್ಲಿ ಹೆಂಗಸರು ಸಾಲಾಗಿ ಕೂತು ಚಾದರ ಮಡಚುತ್ತಿದ್ದರು. ಹೆಚ್ಚಿನ ಮಾತೆಲ್ಲ ತೆಲುಗು, ಮರಾಠಿ. ದ್ವಾರಕಾ ಬಂದು ಕೂತದ್ದೇ ಅವರ ದನಿ ಸಣ್ಣದಾಯಿತು. ಮೇಲಿನ ಆಫೀಸಿನಿಂದ ಕಣ್ಣಿಡಲು ಕಳಿಸಿದ್ದಾರೆಂದು ಬಗೆದಿರಬೇಕು. ಮೊದಲ ದಿನ ಯಾರೂ ಅವಳನ್ನು ಮಾತಾಡಿಸಲಿಲ್ಲ. ಎರಡನೆಯ ದಿನವೂ ಹಾಗೇ ಹೋಯಿತು. ಸಂಜೆ ಮನೆಗೆ ಬಂದು ಕೂತಾಗ ಮೇಲಿನ ಖೋಲಿಯೇ ಲೇಸಿತ್ತು ಎನಿಸಿ ಕಣ್ಣು ತುಂಬಿ ಬಂದವು.

ಮುಂದಿನ ದಿನ ಅವರಲ್ಲಿ ಕನ್ನಡ ಮಾತಾಡುವ ಸಪ್ನಾ ಎಂಬವಳು ಚಾದರದ ಗಂಟು ಹೊತ್ತುಕೊಂಡು ಟೇಬಲ್ಲಿನ ಹತ್ತಿರ ನಿಂತಳು.

"ಬಾಯಾರ, ಜರಾ ಸರೀರಿ. ಗಂಟ ಇಲ್ಲೇ ಇಡೂದು ನಾವು."

ದ್ವಾರಕಾ ಎದ್ದು ಕುರ್ಚಿ ಎಳೆದುಕೊಂಡಳು. ಸಪ್ನಾ ಗಂಟು ಇಳಿಸಿ ತಿರುಗುವಷ್ಟರಲ್ಲಿ, ಕೇಳಬೇಕಾದದ್ದನ್ನು ಮನಸ್ಸಿನಲ್ಲೇ ಎರಡು ಸಲ ಅಂದುಕೊಂಡು, "ನಿಮ್ಮೂರು ಯಾವುದರಿ?" ಎಂದು ಕೇಳಿದಳು.