ಸುಕ್ಕಿಲ್ಲದ ಹಾಸಿಗೆ

ನಮ್ಮಲ್ಲಿಗೆ ಬರುವವರೆಲ್ಲ ಒಂದು ಕಾಲಕ್ಕೆ ಬಂದೂಕು ಹಿಡಿದವರು. ಸೈನ್ಯ ಬಿಟ್ಟ ಮೇಲೆ ನೆಲೆ ತಪ್ಪಿ ಬಸ್ ನಿಲ್ದಾಣ, ಗೋದಾಮಿನ ಜಗಲಿ ಅಂತ ಅಲೆದವರು. ಮತ್ತೆ ತಮ್ಮ ಕಾಲ ಮೇಲೆ ನಿಲ್ಲುವವರೆಗೆ ಇರಲಿ ಎಂದು ಇಲಾಖೆ ಕೊಟ್ಟ ತಾತ್ಕಾಲಿಕ ಸೂರು ಇದು. ತಲೆಗೊಂದು ಕೋಣೆ, ಬಿಸಿ ಊಟ, ವಾರಕ್ಕೊಮ್ಮೆ ಡಾಕ್ಟರು. ಅಡುಗೆಯೂ ಕೋಣೆಗಳ ಉಸ್ತುವಾರಿಯೂ ನನ್ನದು. ನನಗಿಂತ ಹಿರಿಯರೂ ನನ್ನನ್ನು ಅಕ್ಕ ಅನ್ನುತ್ತಾರೆ. ಸೌಟು ನನ್ನ ಕೈಯಲ್ಲಿದೆಯಲ್ಲ, ಅದಕ್ಕೆ.

ಡ್ರೈವರ್ ಬಂದು ವರ್ಷವಾಗುತ್ತಿತ್ತು. ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದವನು. ಮುಂದೆ ಹೋಗುತ್ತಿದ್ದ ಲಾರಿ ಕಣ್ಣೆದುರೇ ಸಿಡಿದ ಮೇಲೆ ಸ್ಟಿಯರಿಂಗ್ ಮುಟ್ಟಿದವನಲ್ಲ. ಅಡುಗೆಮನೆಯಲ್ಲಿ ಒಂದು ಮುಚ್ಚಳ ಬಿದ್ದರೂ ಊಟ ಬಿಟ್ಟು ಮೇಜಿನ ಕೆಳಗೆ ಹೋಗುತ್ತಿದ್ದ. ಆಮೇಲೆ ಚಮಚ ಹುಡುಕುತ್ತಿದ್ದವನ ಹಾಗೆ ಮೇಲೆದ್ದು, "ಸಿಕ್ತು ಅಕ್ಕ," ಅನ್ನುತ್ತಿದ್ದ. ಚಮಚ ಮೇಜಿನ ಮೇಲೇ ಇರುತ್ತಿತ್ತು.

ನಮ್ಮಲ್ಲಿ ಒಂದು ಪದ್ಧತಿ ಇದೆ. ವರ್ಷ ತುಂಬುವಾಗ ಇಲಾಖೆಯವರು ಬಂದು ನೋಡುತ್ತಾರೆ. ಇನ್ನೂ ಸುಧಾರಿಸಿಲ್ಲ ಅನಿಸಿದರೆ ಮತ್ತೊಂದು ವರ್ಷ ಇರಬಹುದು. ಸುಧಾರಿಸಿದ್ದಾನೆ ಅನಿಸಿದರೆ ಕೋಣೆ ಬಿಡಬೇಕು. ಡ್ರೈವರಿಗೆ ಹೋಗಲು ಜಾಗವಿರಲಿಲ್ಲ. ಒಬ್ಬಳು ತಂಗಿ ಇದ್ದಳು. ಅವಳ ಮಕ್ಕಳು ಇವನ ರಾತ್ರಿಯ ಕಿರುಚಾಟಕ್ಕೆ ಹೆದರಿ ಜ್ವರ ಬಂದು ಮಲಗಿದ್ದರಂತೆ. ಅವಳ ಗಂಡ ಕೈ ಮುಗಿದು ಬಾಗಿಲು ತೋರಿಸಿದ್ದ.

ಇಲಾಖೆಯವರು ಬರುವ ಹಿಂದಿನ ದಿನ ಡ್ರೈವರನ ಕೋಣೆಗೆ ಹೋದರೆ ನೆಲದಲ್ಲಿ ಮುಖ ಕಾಣುತ್ತಿತ್ತು. ಹಾಸಿಗೆಯ ಚಾದರ ಎಳೆದು ಕಟ್ಟಿದ ತಮಟೆಯ ಹಾಗೆ ಬಿಗಿ. ನಾನು ಎಷ್ಟೋ ಸಲ ಕಂಡಿದ್ದೆ, ಅವನು ಆ ಮಂಚದ ಮೇಲೆ ಮಲಗುವವನೇ ಅಲ್ಲ. ಬಾಗಿಲಿಗೆ ಅಡ್ಡವಾಗಿ ನೆಲದ ಮೇಲೆ, ಬೂಟು ಹಾಕಿಕೊಂಡೇ ಮಲಗುತ್ತಿದ್ದ.

"ಏನಪ್ಪಾ ಇದು, ಮದುವೆ ದಿಬ್ಬಣ ಬರುತ್ತಾ?"

"ತಪಾಸಣೆ ಅಲ್ವಾ ಅಕ್ಕ ನಾಳೆ."

"ತಪಾಸಣೆ ಕೋಣೆಗಲ್ಲ ಮಾರಾಯ, ನಿನಗೆ. ಇದ್ದದ್ದು ಇದ್ದ ಹಾಗೆ ಹೇಳು. ನಿದ್ದೆ ಇಲ್ಲ, ಕೈ ನಡುಗುತ್ತೆ, ಲಾರಿ ಕಂಡ್ರೆ ಬೆವರ್ತೀಯ ಅಂತ. ಡಾಕ್ಟರ ಹತ್ರ ಹೇಳಿದ ಹಾಗೆ 'ಚೆನ್ನಾಗಿದ್ದೀನಿ ಸಾರ್' ಅನ್ಬೇಡ."

"ಮೇಲಿನವರ ಮುಂದೆ ದೂರು ಹೇಳೋದಾ?" ನಾನೇನೋ ಕಳ್ಳತನ ಕಲಿಸುತ್ತಿದ್ದೇನೆ ಅನ್ನುವ ಹಾಗೆ ನೋಡಿದ.

ಪಕ್ಕದ ಕೋಣೆಯ ರೇಡಿಯೋ ಬಂದ. ಸೈನ್ಯದಲ್ಲಿ ಸಂದೇಶ ಕಳಿಸುವ ಕೆಲಸ ಮಾಡಿದವನು, ಈಗಲೂ ಬಾಯಿ ಮುಚ್ಚುವುದಿಲ್ಲ, ಅದಕ್ಕೇ ಆ ಹೆಸರು. "ನಾನು ಅಧಿಕಾರಿ. ಬಾ, ಅಭ್ಯಾಸ ಮಾಡೋಣ," ಅಂತ ಹೊಟ್ಟೆ ಮುಂದೆ ಮಾಡಿ ನಿಂತ. "ಏನಪ್ಪಾ, ಏನಾದ್ರೂ ತೊಂದರೆ?"

"ಇಲ್ಲ ಸಾರ್!"

"ಲೋ, ಕರ್ಮ! ತೊಂದರೆ ಇದೆ ಅನ್ನು. ಹೊಟ್ಟೆನೋವು ಅಂತಾದ್ರೂ ಹೇಳು."

"ಹೊಟ್ಟೆನೋವಿಲ್ಲ ಸಾರ್!"

ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು. ಆದರೂ ಬಿಡಲಿಲ್ಲ. ಸಂಜೆಯಾಗುವಷ್ಟರಲ್ಲಿ ಡ್ರೈವರ್, ಗೋಡೆ ನೋಡಿಕೊಂಡು, ಪಿಸುದನಿಯಲ್ಲಿ, "ನಿದ್ದೆ ಬರಲ್ಲ," ಅಂದ. ರೇಡಿಯೋ ಚಪ್ಪಾಳೆ ತಟ್ಟಿದ. ನಾನು ಅವತ್ತು ಅವನಿಗೆ ಕೆನೆಮೊಸರು ಬಡಿಸಿದೆ.

ಮರುದಿನ ಇಲಾಖೆಯ ಮೇಡಂ ಬಂದರು. ಒಳ್ಳೆಯ ಹೆಣ್ಣುಮಗಳು, ಚಪ್ಪಲಿ ಹೊರಗೇ ಬಿಟ್ಟು ಬಂದರು. ಜೊತೆಗೆ ನಿವೃತ್ತ ಕ್ಯಾಪ್ಟನ್ ಒಬ್ಬರು. ಸೈನ್ಯದವರೇ ಜೊತೆಗಿದ್ದರೆ ಇವರು ಮನಸ್ಸು ಬಿಚ್ಚಿ ಮಾತಾಡುತ್ತಾರೆ ಅಂತ ಇಲಾಖೆಯವರಿಗೆ ಯಾರೋ ಸಲಹೆ ಕೊಟ್ಟಿದ್ದರಂತೆ. ಅವರ ಬಿಳಿ ಮೀಸೆ, ನೆಟ್ಟಗಿನ ಬೆನ್ನು ಕಂಡಾಗಲೇ ನಿನ್ನೆಯ ಅಭ್ಯಾಸವೆಲ್ಲ ನೀರುಪಾಲು ಅನಿಸಿತು.

ಡ್ರೈವರ್ ಕಂಬದ ಹಾಗೆ ನೆಟ್ಟಗೆ ನಿಂತ. ವರ್ಷವಿಡೀ ನಡುಗಿದ ಕೈಗಳು ತೊಡೆಗೆ ಅಂಟಿಕೊಂಡು ಅಲುಗಾಡಲಿಲ್ಲ. ಕ್ಯಾಪ್ಟನ್ ಹಾಸಿಗೆ ನೋಡಿದರು, ಬೂಟಿನ ಹೊಳಪು ನೋಡಿದರು.

"ಶಭಾಷ್! ನನ್ನ ತುಕಡಿಯಲ್ಲಿ ಇಂಥವನು ಒಬ್ಬನೂ ಇರಲಿಲ್ಲ."

ಆ ಮಾತಿಗೆ ಡ್ರೈವರ್ ಮುಖ ಅರಳಿದ್ದು ನೋಡಬೇಕಿತ್ತು. ನಾನು ಕೊಟ್ಟ ಒಂದು ವರ್ಷದ ಅನ್ನ ಆ ಮುಖಕ್ಕೆ ಅಷ್ಟು ಕಳೆ ತಂದಿರಲಿಲ್ಲ.

"ಹೇಗಿದ್ದೀರಿ? ಏನಾದ್ರೂ ತೊಂದರೆ ಇದೆಯಾ?" ಮೇಡಂ ಕೇಳಿದರು.

"ಇಲ್ಲ ಮೇಡಂ!"

"ನಿದ್ದೆ?"

"ಚೆನ್ನಾಗಿ ಬರುತ್ತೆ ಮೇಡಂ!"

"ಇಲ್ಲಿಂದ ಹೋದ್ರೆ ನೋಡಿಕೊಳ್ಳೋರು?"

"ತಂಗಿ ಇದ್ದಾಳೆ ಮೇಡಂ. ಬಾ ಬಾ ಅಂತಿರ್ತಾಳೆ."

ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ನನಗೆ ತಡೆಯಲಾಗಲಿಲ್ಲ. "ಮೇಡಂ, ಇವನು ಆ ಮಂಚದ ಮೇಲೆ ಒಂದು ದಿನಾನೂ ಮಲಗಿದವನಲ್ಲ. ನೆಲದ ಮೇಲೆ, ಬೂಟು ಹಾಕ್ಕೊಂಡು..."

ಎಲ್ಲರೂ ಅವನ ಕಡೆ ತಿರುಗಿದರು. ಅವನು ನನ್ನನ್ನು ನೋಡಿದ. ಕೋಪವಿರಲಿಲ್ಲ. ಕ್ಯಾಪ್ಟನ್ ಮುಂದೆ ಮಾನ ಕಳೆಯಬೇಡಿ ಅಕ್ಕ ಅನ್ನುವ ನೋಟ.

"ಅಕ್ಕನಿಗೆ ನನ್ನ ಮೇಲೆ ಮಮತೆ ಜಾಸ್ತಿ ಮೇಡಂ," ಅಂದ. "ಕಳಿಸೋಕೆ ಮನಸ್ಸಿಲ್ಲ."

ಕ್ಯಾಪ್ಟನ್ ನಕ್ಕು ಅವನ ಭುಜ ತಟ್ಟಿದರು.

ಮೇಡಂ ಆಮೇಲೆ ಅಡುಗೆಮನೆಗೆ ಬಂದರು. "ನೀವು ಹೇಳಿದ್ದು ನಿಜ ಇರಬಹುದು ಅಕ್ಕ. ಆದ್ರೆ ಅವರೇ ಇಲ್ಲ ಅಂದ ಮೇಲೆ ನಾನು ಏನು ಅಂತ ಬರೀಲಿ? ಆಸ್ಪತ್ರೆ ಜಗಲಿಯಲ್ಲಿ ಒಬ್ಬರು ಕಾಯ್ತಿದ್ದಾರೆ, ಅವರಿಗೆ ಒಂದು ಕಾಲೇ ಇಲ್ಲ. ಅವರಿಗೆ ಇಲ್ಲ ಅನ್ನಲಾ?"

ಬೈಯಲು ಒಬ್ಬ ಕೆಟ್ಟವನಾದರೂ ಇದ್ದಿದ್ದರೆ ಬೈದು ಹಗುರಾಗುತ್ತಿದ್ದೆ. ಒಲೆಯ ಮೇಲಿನ ಹಾಲು ಉಕ್ಕಿತು, ಒರೆಸಿದೆ.

ಹೊರಡುವ ಬೆಳಗ್ಗೆ ಡ್ರೈವರ್ ಬುತ್ತಿ ತೆಗೆದುಕೊಂಡು ನನ್ನ ಕಾಲಿಗೆ ಬಗ್ಗಲು ಬಂದ. ಅರ್ಧಕ್ಕೇ ಹಿಡಿದು ಎಬ್ಬಿಸಿದೆ.

"ಕ್ಯಾಪ್ಟನ್ ಸಾಹೇಬರು ಏನಂದ್ರು, ಕೇಳಿಸ್ತಲ್ಲ ಅಕ್ಕ?"

"ಕೇಳಿಸ್ತಪ್ಪ."

"ಒಬ್ಬನೂ ಇರಲಿಲ್ಲ ಅಂದ್ರು."

ಬಸ್ ಹತ್ತಿಸಲು ರೇಡಿಯೋ ಹೋಗಿದ್ದ. ವಾಪಸ್ ಬಂದವನು ಏನೂ ಮಾತಾಡದೆ ಚಪ್ಪಲಿ ಕಳಚಿದ. ಅವನು ಮಾತಾಡದಿದ್ದಾಗ ನನಗೆ ಭಯ.

"ಹತ್ತಿದನಾ?"

"ಇಲ್ಲ ಅಕ್ಕ. ತಂಗಿ ಊರಿನ ಬಸ್ಸು ಕಣ್ಮುಂದೇ ಹೋಯ್ತು. ಬೆಂಚಿನ ಮೇಲೆ ಕೂತಿದ್ದ. ನೀನು ಹೋಗೋ, ನಾನು ಮುಂದಿನ ಬಸ್ಸಿಗೆ ಹೋಗ್ತೀನಿ ಅಂದ. ವಾಪಸ್ ಬಾ ಅಂತ ಎಷ್ಟು ಕರೆದ್ರೂ ಏಳಲಿಲ್ಲ. ಕೋಣೆ ಬಿಡೋಕೆ ಆರ್ಡರ್ ಆಗಿದೆಯಂತೆ."

ಸೆರಗು ಸಿಕ್ಕಿಸಿಕೊಂಡು ನಾನೇ ನಿಲ್ದಾಣಕ್ಕೆ ಓಡಿದೆ. ಬೆಂಚಿನ ಮೇಲೆ ನನ್ನ ಬುತ್ತಿ ಇತ್ತು, ಗಂಟು ಬಿಚ್ಚಿರಲಿಲ್ಲ. ಅವನಿರಲಿಲ್ಲ. ಬೀಡಾ ಅಂಗಡಿಯವನನ್ನು ಕೇಳಿದರೆ, ದಿನಕ್ಕೆ ಎಷ್ಟೋ ಜನ ಬರ್ತಾರಮ್ಮ ಅಂದ.

ಮಧ್ಯಾಹ್ನವೇ ಹೊಸಬ ಬಂದ. ಊರುಗೋಲು ಗೋಡೆಗೆ ಒರಗಿಸಿ ಬಾಗಿಲಲ್ಲೇ ನಿಂತ. ನಾನು ಹಳೆಯ ಚಾದರ ಬದಲಿಸಲು ಹೊರಟೆ. ಎರಡೂ ಕೈಯಿಂದ ಜಗ್ಗಬೇಕಾಯಿತು, ಅಷ್ಟು ಬಿಗಿಯಾಗಿ ಒಳಗೆ ತುರುಕಿದ್ದ ಡ್ರೈವರ್. ಚಾದರ ಬಂತು. ಹಾಸಿಗೆ ಅಂಗಡಿಯಿಂದ ತಂದಾಗ ಹೇಗಿತ್ತೋ ಹಾಗೇ ಇತ್ತು. ಮೈ ಊರಿದ ಒಂದು ತಗ್ಗಿಲ್ಲ, ತಲೆಯ ಎಣ್ಣೆಯ ಕಲೆಯಿಲ್ಲ. ಬಾಗಿಲ ಬಳಿಯ ನೆಲದ ಬಣ್ಣ ಮಾತ್ರ ಆಳುದ್ದಕ್ಕೆ ಸವೆದಿತ್ತು. ಅವತ್ತು ಮೇಡಂ ಬಂದಾಗ ಈ ಚಾದರದ ಒಂದು ಮೂಲೆ ಎತ್ತಿದ್ದರೆ ಸಾಕಿತ್ತು.

"ಏನಾದ್ರೂ ಬೇಕಿದ್ರೆ ನಾಚಿಕೆ ಪಡಬೇಡಪ್ಪ, ಕೇಳು," ಅಂದೆ.

ಅವನು ಒಂಟಿ ಕಾಲಿನ ಮೇಲೆ ನೆಟ್ಟಗಾಗಲು ನೋಡಿದ. ಕತ್ತರಿಸಿದ ಕಾಲಿನ ಮಂಡಿಗೆ ಸುತ್ತಿದ ಪಟ್ಟಿಯಿಂದ ರಕ್ತ ಒಸರುತ್ತಿತ್ತು.

"ಏನೂ ಬೇಡ ಅಕ್ಕ. ಏನೂ ತೊಂದರೆ ಇಲ್ಲ."