ಹತ್ತಿಯೊಳಗಿನ ಲಿಂಗ

ಇರಕಲ್ಲಗಡದ ಕೊಟ್ರಬಸಪ್ಪನವರ ಹೊಲದಲ್ಲಿ ಹತ್ತಿ ಬಿಡಿಸಿ, ಹೊತ್ತು ಮುಳುಗುವಾಗ ಮನೆಗೆ ಹೊರಟಿದ್ದೆವು. ಮಗಳು ಪಂಪಾವತಿ ಎದೆ ಮುಟ್ಟಿಕೊಂಡು ನಿಂತುಬಿಟ್ಟಳು. ಹರಿದ ಶಿವದಾರ ಕುಪ್ಪಸಕ್ಕೆ ಸಿಕ್ಕಿಕೊಂಡಿತ್ತು, ಲಿಂಗವಿರಲಿಲ್ಲ.

ಬಿಳಿ ಅರಿವೆಯಲ್ಲಿ ಸುತ್ತಿದ ಲಿಂಗ ಹತ್ತಿ ಹೊಲದಲ್ಲಿ ಬಿದ್ದರೆ ಎಲ್ಲಿ ಹುಡುಕುವುದು? ಕತ್ತಲಾಗುವವರೆಗೂ ಸಾಲು ಸಾಲು ನೋಡಿದೆವು. ನನ್ನ ಸೊಂಟ ಬಿದ್ದುಹೋಗಿತ್ತು.

ಲಿಂಗ ಕಳೆದುಕೊಂಡವರು ಅದು ಸಿಗುವತನಕ ಉಣ್ಣುವುದಿಲ್ಲ, ನಮ್ಮವರ ರೂಢಿ. ಸಿಗದಿದ್ದರೆ ಅಯ್ಯನವರು ಹೊಸದನ್ನು ಕಟ್ಟುತ್ತಾರೆ. ಪಂಪಾವತಿ ಅದಕ್ಕೂ ಒಪ್ಪಲಿಲ್ಲ. "ನನಗ ನನ್ನದ ಬೇಕು," ಎಂದು ರೊಟ್ಟಿ ಬುಟ್ಟಿಗೆ ಬೆನ್ನು ತಿರುಗಿಸಿ ಕುಳಿತಳು. ಒಂಬತ್ತು ವರ್ಷದ ಹುಡುಗಿ.

ನೆರೆಮನೆಯ ಕಳಕಮ್ಮ ನನ್ನನ್ನು ಹಿತ್ತಿಲಿಗೆ ಕರೆದಳು.

"ನಿನ್ನ ಕೊಳ್ಳಾಗಿಂದು ಬಿಚ್ಚಿ ಬ್ಯಾರೆ ಅರಿವಿ ಸುತ್ತು. ಸಿಕ್ಕಿತು ಅಂತ ಕೊಡು. ಎಲ್ಲಾ ಒಂದ ನಮೂನಿ ಇರ್ತಾವ."

"ಸುಳ್ಳ ಹೇಳ್ಲೇನಕ್ಕ?"

"ಅಯ್ಯ, ದೇವ್ರ ಇಲ್ಲ ಅನ್ನಾಕಿ ನೀ! ನಿನಗ್ಯಾತರ ಪಾಪ ಬಡಕೊಂತೈತಿ?"

ಅವಳು ಆಡಿದ್ದರಲ್ಲಿ ತಪ್ಪೇನಿರಲಿಲ್ಲ. ಪ್ಲೇಗಿನ ವರ್ಷ ಊರು ಬಿಟ್ಟು ಗುಡಿಸಲು ಹಾಕಿಕೊಂಡಿದ್ದಾಗ, ಮಲಗಿದ್ದ ಗಂಡನ ಬದಿಗೆ ಕೂತು ಅಂಗೈಯ ಲಿಂಗ ನೋಡುತ್ತಾ ಬೇಡಿಕೊಂಡಿದ್ದೆ. ಆ ಕಡೆ ಯಾರೂ ಇದ್ದಂತೆ ಅನಿಸಲಿಲ್ಲ. ಆತ ಹೋದ. ಸಿಟ್ಟಿನಿಂದಲ್ಲ, ಯಾರೂ ಇಲ್ಲದ ಮನೆಯ ಬಾಗಿಲನ್ನು ಎಷ್ಟು ಬಡಿಯುವುದೆಂದು ಪೂಜೆ ಬಿಟ್ಟೆ. ಲಿಂಗ ಮಾತ್ರ ಊರ ಬಾಯಿಗೆ ಹೆದರಿ ಕೊರಳಲ್ಲಿ ಉಳಿದಿತ್ತು.

ಬಿಚ್ಚಿ ಕೈಯಲ್ಲಿ ಹಿಡಿದೆ. ಕೊಟ್ಟರೆ ಹುಡುಗಿ ಉಣ್ಣುತ್ತಾಳೆ, ನಾನೂ ಉಂಡು ಮೈ ಚೆಲ್ಲಬಹುದು. ಆದರೆ ದಿನಾ ಮುಂಜಾನೆ ತನ್ನ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ತುಟಿಯಲ್ಲೇ ಏನೋ ಮಾತಾಡುತ್ತಾಳಲ್ಲ, ಅದು ನೆನಪಾಯಿತು. ನನಗೆ ಯಾರೂ ಕಾಣದಿದ್ದರೆ ಅದು ನನ್ನ ಪಾಡು. ಅವಳು ಮಾತಾಡುವ ಜಾಗದಲ್ಲಿ ನನ್ನ ಸುಳ್ಳನ್ನು ತಂದು ಕೂರಿಸಲು ನಾನು ಯಾರು?

ಮತ್ತೆ ಕಟ್ಟಿಕೊಂಡು ಒಳಗೆ ಬಂದೆ. "ಸಿಕ್ಕಿಲ್ಲವ್ವ. ನಾಳೆ ಮತ್ತ ಹುಡುಕೂಣು."

"ಅವ್ವಾ, ದೇವ್ರು ಖರೇನ ಅದಾನೇನು?"

"ನನಗ ಕಂಡಿಲ್ಲ. ನಿನಗ ಕಂಡಾನಂದ್ರ ನಾ ಯಾಕ ಇಲ್ಲ ಅನ್ನಲಿ?"

ರೊಟ್ಟಿ ಬುಟ್ಟಿ ಮುಚ್ಚಿಟ್ಟೆ. ಅವಳು ಹಸಿದು ಕೂತಿರುವಾಗ ನನಗೆ ತುತ್ತು ಇಳಿಯುತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಸಾಲಿನ ನಡುವೆ ಬಾಗಿದ್ದವಳಿಗೆ ಕಣ್ಣಿಗೆ ಕತ್ತಲೆ ಬಂತು, ಅಲ್ಲೇ ಕೂತುಬಿಟ್ಟೆ. ಪಂಪಾವತಿ ಓಡಿಬಂದು ಮುಖಕ್ಕೆ ನೀರು ಹಚ್ಚಿದಳು.

"ನೀನೂ ಉಂಡಿಲ್ಲೇನು? ನೀ ದೇವ್ರನ್ನ ನಂಬಂಗಿಲ್ಲಲ್ಲ, ನಿನಗ್ಯಾಕ ಉಪಾಸ?"

"ನೀ ಉಂಡಿಲ್ಲಲ್ಲ."

ಅವಳು ಹೊಲದ ಉದ್ದಕ್ಕೂ ನೋಡಿದಳು. ಎಲ್ಲ ಬಿಳಿ.

"ಅಯ್ಯನೋರನ್ನ ಕರಸವ್ವ. ಹೊಸಾದು ಕಟ್ಟಿಸ್ಕೊಂತೀನಿ. ನನ್ನ ದೇವ್ರು ನಿನ್ನ ಹಸಿವಿ ಬೇಡೂದಿಲ್ಲ."

ಸಂಜೆ ಅಯ್ಯನವರು ಬಂದು ಕಟ್ಟಿಹೋದರು. ಇಬ್ಬರೂ ನಿನ್ನೆಯ ರೊಟ್ಟಿಯನ್ನೇ ತಿಂದೆವು. ಆ ಕಡೆ ನನಗೆ ಈಗಲೂ ಯಾರೂ ಕಾಣಲಿಲ್ಲ. ಆದರೂ ಹತ್ತಿ ಮುಗಿಯುವವರೆಗೆ, ಬಿಡಿಸುತ್ತ ಬಿಡಿಸುತ್ತ, ನನ್ನ ಕಣ್ಣು ಆ ಬಿಳಿಯೊಳಗೆ ಇನ್ನೊಂದು ಬಿಳಿಯನ್ನು ಹುಡುಕುತ್ತಲೇ ಇತ್ತು.