ಕೊನೆಯ ಚೀಟಿ ಖಾಲಿ ಇರಬೇಕಿತ್ತು

ಸ್ವಲ್ಪ ನಿಲ್ಲಿ, ಇದನ್ನು ಪೂರ್ತಿ ಕೇಳಿಯೇ ಹೋಗಿ. ಅರ್ಧ ಕೇಳಿದವರೆಲ್ಲ ನನ್ನನ್ನೇ ಕಳ್ಳ ಅನ್ನುತ್ತಾರೆ!

ನಾನು ಮನ್ಮಥಪ್ಪ, ಭಾಲ್ಕಿ ಕಡೆಯ ಹಲಬರ್ಗಾದವನು. ಬೀದರಿನ ಒಂದು ಕಚೇರಿಯಲ್ಲಿ ಕಾರಕೂನ, ಭಾನುವಾರ ಮಾತ್ರ ಜಾದೂಗಾರ. ನಮ್ಮ ಜಾದೂ ಕ್ಲಬ್ಬಿನಲ್ಲಿ ಏಳು ಜನ. ಗುಟ್ಟು ಬಿಟ್ಟುಕೊಟ್ಟವನಿಗೆ ಮತ್ತೆ ಒಳಗೆ ಜಾಗವಿಲ್ಲ.

ನೋಡುವವರು ಬರೆದು ಮಡಚಿಕೊಟ್ಟ ಚೀಟಿಯನ್ನು ಬಿಡಿಸದೆ ಹಣೆಗೊತ್ತಿ ಓದುವುದು ನನ್ನ ಆಟ. ಗುಟ್ಟು ಇಷ್ಟೇ: ಮೊದಲ ಚೀಟಿ ಹಿಡಿದು ಸುಮ್ಮನೆ ಏನೋ ಹೇಳುತ್ತೇನೆ, ಗೆಳೆಯ ನರಸಿಂಗ "ನಂದೇ ರೀ!" ಎಂದು ಕೂಗುತ್ತಾನೆ. ಸರಿಯಿದೆಯೇ ನೋಡುವ ನೆಪದಲ್ಲಿ ಬಿಡಿಸಿದಾಗ ನಾನು ಓದಿಕೊಳ್ಳುವುದು ಬೇರೆಯವರ ಬರಹ. ಎರಡನೆಯ ಚೀಟಿ ಹಿಡಿದು ಅದನ್ನೇ ಹೇಳುತ್ತೇನೆ. ಹೀಗೇ ಕೊನೆಯವರೆಗೆ. ನರಸಿಂಗನ ನಿಜವಾದ ಚೀಟಿಗೆ ಮೂಲೆ ಹರಿದಿರುತ್ತದೆ; ಅದು ಕೊನೆಗೆ ಬರುತ್ತದೆ, ಯಾವಾಗಲೂ ಖಾಲಿ.

ಬೀದರ ಮೈಸೂರು ರಾಜ್ಯಕ್ಕೆ ಸೇರಿ ಮೂರು ವಾರವಾಗಿತ್ತು. ಯಾರನ್ನು ಎಲ್ಲಿಗೆ ಹಾಕುತ್ತಾರೋ ಎಂದು ಕಚೇರಿಯಲ್ಲಿ ಎಲ್ಲರಿಗೂ ಪುಕುಪುಕು. ನಮ್ಮ ಕಚೇರಿಯ ಟಪಾಲು ನೋಡುವವನೂ ನರಸಿಂಗನೇ; ವರ್ಗಾವಣೆಯ ಪಟ್ಟಿ ಬಂದು ಅವನ ಕಪಾಟಿನಲ್ಲಿತ್ತು. ಸೋಮವಾರ ಒಡೆಯಬೇಕಾದ ಲಕೋಟೆ.

ಆ ಭಾನುವಾರ ಮುಂದಿನ ಸಾಲಿನಲ್ಲಿ ನಮ್ಮ ಕಚೇರಿಯ ಮುಖ್ಯಸ್ಥರು ಅಬ್ದುಲ ಸಮದ ಸಾಹೇಬರೇ ಕೂತಿದ್ದರು. ಆಟ ಮುಗಿಯಿತು. ಕೊನೆಯ ಚೀಟಿ ಬಿಡಿಸಿದರೆ ಬರಹವಿದೆ! 'ಮನ್ಮಥಪ್ಪನಿಗೆ ಔರಾದ.' ನರಸಿಂಗನ ಚೇಷ್ಟೆ ಅಂದುಕೊಂಡೆ. ಇನ್ನೊಂದು ಚಪ್ಪಾಳೆಯ ಆಸೆಗೆ ಬಿದ್ದು, "ನನಗ ಔರಾದಿಗೆ ಹಾಕ್ಯಾರ ನೋಡ್ರಿ!" ಎಂದು ಕೂಗಿಬಿಟ್ಟೆ. ಮೊದಲು ಚಪ್ಪಾಳೆ ತಟ್ಟಿದವನು ನರಸಿಂಗ.

ಸೋಮವಾರ ಲಕೋಟೆ ಒಡೆದರು. ನನಗೆ ಔರಾದೇ.

"ಲಿಫಾಫಾ ಬಿಚ್ಚಿದಾಂವ ನೀನೇನು?" ಸಾಹೇಬರು ಕೇಳಿದರು.

"ಇಲ್ರೀ ಸಾಹೇಬ್ರ. ಅದು ಜಾದೂ ರೀ."

"ಸರ್ಕಾರಿ ಕಾಗದದ ಮ್ಯಾಲ ಜಾದೂ ನಡ್ಯಂಗಿಲ್ಲಪಾ. ನಾಳಿ ಹನ್ನೊಂದಕ್ಕ ಬಂದು ಖರೇ ಹೇಳು. ಇಲ್ಲಾಂದ್ರ ನೌಕರಿ ಖತಂ."

ನರಸಿಂಗನನ್ನು ಹಿಡಿದು ನಿಲ್ಲಿಸಿದೆ. "ಯಾಕ ಬರ್ದಿಯೋ?"

"ನಿನಗ ಮೊದ್ಲೇ ತಿಳೀಲಿ ಅಂತ. ಕೆಟ್ಲಿ ಉಗಿಗೆ ಹಿಡದ್ರ ಗೋಂದು ಬಿಚ್ಚತದ. ಓದಿ ಕಿಸೆದಾಗ ಇಟ್ಕೊಳ್ಳೋದು ಬಿಟ್ಟು ಡಂಗುರ ಹೊಡೀ ಅಂದಿದ್ನೇನು?"

"ನನ್ನ ಹೆಸರು ಹೇಳಬ್ಯಾಡೋ, ಮನ್ಯಾಗ ಅವ್ವ ಒಬ್ಬಾಕಿನೇ" ಎಂದೂ ಅಂದ. ಕರಗಿಹೋಗುತ್ತಿದ್ದೆ. ಆದರೆ ಒಂದು ಮಾತು ಚುಚ್ಚಿತು: ಆ ಭಾನುವಾರ ನಾವಿದ್ದ ಚಿದ್ರಿಯಿಂದ ಕ್ಲಬ್ಬಿಗೆ ಇಬ್ಬರೂ ಒಂದೇ ಸೈಕಲ್ಲಿನಲ್ಲಿ ಬಂದಿದ್ದೆವು. ನನ್ನ ಬೆನ್ನ ಹಿಂದೆಯೇ ಕೂತಿದ್ದ. ಕಿವಿಯಲ್ಲಿ ಯಾಕೆ ಹೇಳಲಿಲ್ಲ? ಚಪ್ಪಾಳೆ ಅಂದರೆ ನಾನು ಬಾಯಿ ಬಿಡುವವನು ಎಂದು ಅವನಷ್ಟು ಬಲ್ಲವರು ಯಾರು? ಲಕೋಟೆಯ ಅಂಟು ಬಿಚ್ಚಿದ್ದು ಗೊತ್ತಾದರೆ ತನ್ನ ಬದಲು ಸಿಕ್ಕಿಬೀಳಲು ಅವನಿಗೆ ಒಬ್ಬ ಬೇಕಾಗಿತ್ತೇ?

ಮರುದಿನ ಹನ್ನೊಂದಕ್ಕೆ ಆ ಮೂಲೆ ಹರಿದ ಚೀಟಿಯನ್ನು ಸಾಹೇಬರ ಮೇಜಿನ ಮೇಲಿಟ್ಟು ಆಟದ ಗುಟ್ಟನ್ನೆಲ್ಲ ಹೇಳಿದೆ. ನರಸಿಂಗನ ನೌಕರಿ ಹೋಯಿತು, ನನ್ನ ಕ್ಲಬ್ಬೂ ಹೋಯಿತು. ಹೊರಡುವಾಗ ಅವನು ಅಂದದ್ದು ಇಷ್ಟೇ: "ಸೈಕಲ್ ಮ್ಯಾಲ ಎರಡು ಸಲ ಬಾಯಿ ತಗದೆ. ನೀ ನಿನ್ನ ಆಟದ್ದೇ ಹೇಳ್ಕೋತ ಹೊಂಟಿದ್ದಿ."

ನಿಜವೋ, ಸುಳ್ಳೋ? ಔರಾದಿನಲ್ಲಿ ಕೂತು ಈಗಲೂ ಆ ದಾರಿಯನ್ನೇ ನೆನೆಯುತ್ತೇನೆ. ನಾನು ಮಾತಾಡುತ್ತಿದ್ದುದಂತೂ ಹೌದು. ನೀವೇ ಹೇಳಿ, ಆ ಚೀಟಿ ನಿಮ್ಮ ಕಿಸೆಯಲ್ಲಿದ್ದಿದ್ದರೆ ಏನು ಮಾಡುತ್ತಿದ್ದಿರಿ?